ಬೀಜಕ್ಕೆ ಬಿಟ್ಟ ಕಾಯಿ

ಬನ್ನಿ ಮುಡಿಯುವ ಹೊತ್ತಿಗೆ ಜಹೀರಾಬಾದ್ ಸುತ್ತಿನ ಹಿತ್ತಲುಗಳು ಒಂದು ಮನೆ ತಿಂದು ತೀರಿಸಲಾಗದಷ್ಟು ಕೊಡತೊಡಗುತ್ತವೆ. ಚಪ್ಪರದಲ್ಲಿ ಹೀರೆ, ಬೇಲಿಗೆ ಹಾಗಲ, ತಿಪ್ಪೆಯ ಅಂಚಿಗೆ ಕುಂಬಳ, ಬಚ್ಚಲ ನೀರು ಹರಿಯುವ ಕಡೆ ಬದನೆ, ಅದರಾಚೆ ಚವಳಿ, ಪುಂಡಿ, ಮೆಣಸಿನಗಿಡ. ಮುಂಗಾರು ಹಿಂದೆ ಸರಿದು, ಗಾಳಿ ಒಣಗಿ, ಬಿಸಿಲು ಇನ್ನೂ ಚುರುಕಾಗಿರುವ ಈ ಕೆಲವು ವಾರಗಳಲ್ಲೇ ಕೊಯ್ಯುವುದೂ ಆಗಬೇಕು, ಒಣಗಿಸುವುದೂ ಆಗಬೇಕು, ಕಟ್ಟಿಡುವುದೂ ಆಗಬೇಕು.

ಅಂಥದ್ದೊಂದು ಹಿತ್ತಲಲ್ಲಿ ಇಬ್ಬರು ಮಾತಿಗೆ ಕೂತಿದ್ದರು. ಹಿರಿಯಾಕೆ ಹುಟ್ಟಿದ್ದು ನಾರಾಯಣಖೇಡದ ಕಡೆಯ ಎರೆ ನೆಲದಲ್ಲಿ, ಬಾಳುವೆ ಮಾಡಿದ್ದು ಜಹೀರಾಬಾದ್ ಬಳಿಯ ಕೆಂಪು ನೆಲದಲ್ಲಿ. ಕಿರಿಯಾಕೆ ಆಕೆಯ ಅಣ್ಣನ ಮಗಳು. ಆಹಾರ ವಿಜ್ಞಾನ ಓದಿ, ಮದುವೆಯಾಗಿ ತಾಂಡೂರಿಗೆ ಹೋದವಳು. ಈಗ ಅವಳ ಬಾಡಿಗೆ ಮನೆಗೂ ಒಂದು ಚಿಕ್ಕ ಹಿತ್ತಲಿದೆ. ಇಬ್ಬರೂ ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಅದರಲ್ಲಿ ಅಚ್ಚರಿಯೇನಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಮಾತ್ರ ಆಗ ಕನ್ನಡದ ಪಾಲಿಗೆ ಉಳಿಯಿತು. ಗಡಿ ಬದಲಾದರೂ ಹಿತ್ತಲಿನ ಬೆಳೆ, ಅಡುಗೆಮನೆಯ ಮಡಕೆ ಬದಲಾಗಲಿಲ್ಲ. ಎಳ್ಳಮಾಸಿಯ ಭಜ್ಜಿ ಬೀದರಿನಲ್ಲಿ ಹೇಗೋ ಇಲ್ಲಿಯೂ ಹಾಗೇ.

“ಮೊದಲು ಯಾವುದು ಕೊಯ್ಯಬೇಕು ಹೇಳ್ರಿ ಅತ್ತಿ, ಬುಟ್ಟಿ ತಂದೀನಿ,” ಎಂದು ಕಿರಿಯಾಕೆ ಎದ್ದಳು.

“ಮೊದಲು ಯಾವುದು ಕೊಯ್ಯಬಾರದು ಅನ್ನೋದು ನೋಡು. ಬುಟ್ಟಿ ಆಮ್ಯಾಲ ಹಿಡಿ.”

ಹಿರಿಯಾಕೆ ತೋರಿಸಿದ ಹೀರೆಬಳ್ಳಿಯಲ್ಲಿ ಒಂದು ಕಾಯಿಯ ತೊಟ್ಟಿಗೆ ಹಳೆ ಸೀರೆಯ ಕೆಂಪು ಅಂಚು ಕಟ್ಟಿತ್ತು. ಬೆಂಡೆಯಲ್ಲಿ ಎರಡು ಗಿಡಕ್ಕೆ, ಚವಳಿಯಲ್ಲಿ ಒಂದಿಡೀ ಸಾಲಿಗೆ ಅದೇ ಗುರುತು. ಅವನ್ನು ಯಾರೂ ಮುಟ್ಟುವಂತಿಲ್ಲ. ಬಳ್ಳಿಯ ಬುಡದ ಕಡೆ ಬಿಟ್ಟ ಎರಡನೆಯದೋ ಮೂರನೆಯದೋ ಕಾಯಿ, ಹುಳ ಮುಟ್ಟದ್ದು, ಡೊಂಕಿಲ್ಲದ್ದು ಬೀಜಕ್ಕೆ ನಿಲ್ಲುತ್ತದೆ. ಕೊನೆಗೆ ಉಳಿದ ಸೊರಗಿದ ಕಾಯಿಯಲ್ಲಿ ಬೀಜ ಮಾಡುವ ಮನೆಯ ಬಳ್ಳಿ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ ಎಂಬುದು ಆಕೆ ತನ್ನ ಅತ್ತೆಯಿಂದ ಕಲಿತದ್ದು. ವಿಜ್ಞಾನವೂ ಇದನ್ನು ಒಪ್ಪುತ್ತದೆ. ಬಳ್ಳಿ ಸೊಕ್ಕಿರುವಾಗ ಕಟ್ಟಿದ ಕಾಯಿಯ ಬೀಜ ತುಂಬಿಕೊಂಡಿರುತ್ತದೆ, ತುಂಬಿದ ಬೀಜದ ಮೊಳಕೆಗೆ ಬಲ ಹೆಚ್ಚು.

“ಆದ್ರ ಒಂದು ಕಾಯಿ ಬಲಿಯಾಕ ಬಿಟ್ರ ಬಳ್ಳಿ ಹೂ ಬಿಡೋದು ಕಡಿಮಿ ಮಾಡ್ತದ. ತಿನ್ನಾಕ ಸಿಗೋದು ಕಮ್ಮಿ ಆಗ್ತದಲ್ಲ?”

“ಆಗ್ತದ. ಆಗ್ಲಿ.”

ಕಿರಿಯಾಕೆ ಹೇಳಿದ್ದು ನಿಜವೇ. ಬೀಜ ಬಲಿಯತೊಡಗಿದರೆ ಗಿಡ ತನ್ನ ಸಾರವನ್ನೆಲ್ಲ ಅತ್ತ ಹರಿಸುತ್ತದೆ. ಬೆಂಡೆ, ಚವಳಿ, ಸವತೆಗಳನ್ನು ದಿನ ಬಿಟ್ಟು ದಿನ ಕೊಯ್ಯುತ್ತಿದ್ದರೆ ಹೆಚ್ಚು ಕಾಯಿ ಸಿಗುವುದು ಇದೇ ಕಾರಣಕ್ಕೆ. ಹಾಗಾಗಿ ಬೀಜಕ್ಕೆ ಬಿಟ್ಟ ಪ್ರತಿ ಕಾಯಿಗೂ ಊಟದಲ್ಲಿ ಬೆಲೆ ತೆರಬೇಕು. ಆ ಬೆಲೆಯನ್ನು ಹಿರಿಯಾಕೆ ಲೆಕ್ಕ ಹಾಕಿಯೇ ತೆರುತ್ತಾಳೆ. ತಾಂಡೂರಿನಲ್ಲಿ ಕಿರಿಯಾಕೆ ಬಿತ್ತಿದ್ದು ಅಂಗಡಿಯ ಹೈಬ್ರಿಡ್ ಪೊಟ್ಟಣ. ಕಾಯಿ ಬೇಕಾದಷ್ಟು ಬಂತು, ಆದರೆ ಅದರ ಬೀಜ ಹಿಡಿದಿಟ್ಟರೆ ಮುಂದಿನ ಸಲ ತಾಯಿಯಂತೆ ಬರುವುದಿಲ್ಲ. ಗಿಡಕ್ಕೊಂದು ರೂಪ, ಗಿಡಕ್ಕೊಂದು ರುಚಿ.

ಎಲ್ಲ ಬೀಜಕ್ಕೂ ಒಂದೇ ನಿಯಮವಿಲ್ಲ ಎಂಬುದನ್ನು ಈ ಸಲ ಕಿರಿಯಾಕೆಯೇ ಬಿಡಿಸಿ ಹೇಳಿದಳು. ಚವಳಿ, ಅಲಸಂದಿಯಂಥವು ಹೂ ಅರಳುವ ಮೊದಲೇ ತಮ್ಮ ಪರಾಗ ತಾವೇ ಕೂಡಿಸಿಕೊಳ್ಳುತ್ತವೆ, ಆದ್ದರಿಂದ ತಳಿ ಕೆಡುವುದು ಕಡಿಮೆ. ಕುಂಬಳ, ಹೀರೆ, ಸೋರೆಗಳಿಗೆ ಜೇನುನೊಣ, ಪತಂಗಗಳೇ ಬೇಕು. ಬೆಂಡೆ, ಮೆಣಸಿನಕಾಯಿ ಎರಡರ ನಡುವೆ. ಹಿರಿಯಾಕೆ ಖಾರದ ಮೆಣಸಿನಕಾಯಿಯನ್ನೂ ದಪ್ಪ ಮೆಣಸಿನಕಾಯಿಯನ್ನೂ ಹಿತ್ತಲಿನ ಎರಡು ತುದಿಗೆ ಹಾಕಿದ್ದಕ್ಕೆ ಅವಳು ಮೆಚ್ಚಿ ತಲೆದೂಗಿದಳು.

“ಸೋರೆ ಮಾತ್ರ ನಾಲಿಗಿಗೆ ಮುಟ್ಟಿಸಿ ನೋಡ್ದ ಹೊರತು ಬೀಜಕ್ಕ ಬಿಡಾಂಗಿಲ್ಲ,” ಎಂದಳು ಹಿರಿಯಾಕೆ. “ಎಳೀ ಕಾಯಿ ಕೊಯ್ದು ಚೂರು ನೆಕ್ಕು. ಕಹಿ ಇದ್ರ ಆ ಬಳ್ಳೀನ ಕಿತ್ತೊಗಿ.”

ಈ ಎಚ್ಚರ ಬರಿಯ ರುಚಿಯದ್ದಲ್ಲ. ಸೋರೆ, ಸವತೆಗಳ ಕಹಿಗೆ ಕಾರಣವಾದ ಕುಕರ್ಬಿಟಾಸಿನ್ ವಿಷಕಾರಿ. ಕಹಿ ಸೋರೆಯ ರಸ ಕುಡಿದು ಜನ ಸತ್ತ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮಿತಿಯೊಂದು ಇದನ್ನು ಪರಿಶೀಲಿಸಿ, ಕಹಿಯಾದ ಸೋರೆರಸವನ್ನು ಕುಡಿಯಲೇಬಾರದು ಎಂದು ಎಚ್ಚರಿಸಿತು.

ಕುಂಬಳಕ್ಕೆ ಬೇರೆಯದೇ ಕಾಟ. ಬತುಕಮ್ಮನ ಒಂಬತ್ತು ದಿನ ಓಣಿಯ ಹುಡುಗಿಯರು ಹೂವಿಗೆ ಬರುತ್ತಾರೆ. 2014ರಲ್ಲಿ ತೆಲಂಗಾಣ ಅದನ್ನು ರಾಜ್ಯದ ಹಬ್ಬವೆಂದು ಘೋಷಿಸಿದೆ. ಕನ್ನಡದ ಮನೆಗಳ ಮಕ್ಕಳೂ ತಂಗಡಿ, ಗುನುಗು, ಚೆಂಡುಹೂ, ಕುಂಬಳದ ಹೂ ಕೂಡಿಸಿ ಬತುಕಮ್ಮ ಪೇರಿಸುತ್ತಾರೆ. ಹಿರಿಯಾಕೆ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ.

“ಹೂವಿನ ಕೆಳಗ ಗುಂಡನ್ನ ಪಿಂದೆ ಇದ್ರ ಅದು ಹೆಣ್ಣು, ಮುಟ್ಟಬ್ಯಾಡ್ರಿ ಅಂತೀನಿ. ಉದ್ದನ್ನ ತೊಟ್ಟಿನ ಮ್ಯಾಲ ನಿಂತದ್ದು ಗಂಡು, ಒಂದೆರಡು ಬಿಟ್ಟು ಬೇಕಾದಷ್ಟು ಹರಕೋರಿ.”

ಕುಂಬಳವನ್ನು ಕೊಯ್ಯುವ ಹೊತ್ತನ್ನು ಆಕೆ ಬಣ್ಣ ನೋಡಿ ಹೇಳುವುದಿಲ್ಲ. ತೊಟ್ಟು ಒಣಗಿ ಬೆಂಡಾಗಿರಬೇಕು, ಸಿಪ್ಪೆಗೆ ಉಗುರು ಊರಿದರೆ ಇಳಿಯಬಾರದು. ಗೇಣು ತೊಟ್ಟು ಬಿಟ್ಟು ಕುಡುಗೋಲಿನಿಂದ ಕೊಯ್ಯಬೇಕು. ತೊಟ್ಟು ಮುರಿದರೆ ಆ ಗಾಯದಿಂದಲೇ ಕೊಳೆ ಶುರು. ಆಮೇಲೆ ಎಂಟು ಹತ್ತು ದಿನ ಬಿಸಿಲಿನಲ್ಲಿ ಮಗ್ಗಲು ಬದಲಿಸುತ್ತ ಇಟ್ಟರೆ ಸಿಪ್ಪೆ ಗಟ್ಟಿಯಾಗಿ ಸಣ್ಣ ಗಾಯಗಳೂ ಮಾಯುತ್ತವೆ. ಅನಂತರ ನೆಲುವಿಗೆ. ಹೀಗೆ ತೂಗುಹಾಕಿದ ಕಾಯಿ ಉಪ್ಪು, ಎಣ್ಣೆ, ಬೆಂಕಿ ಯಾವುದೂ ಇಲ್ಲದೆ ಬೇಸಿಗೆಯವರೆಗೆ ಉಳಿಯುತ್ತದೆ. ಹಿತ್ತಲಿನ ತರಕಾರಿಗಳಲ್ಲಿ ಇಷ್ಟು ಕಡಿಮೆ ಕೇಳಿಕೊಂಡು ಇಷ್ಟು ದಿನ ಬಾಳುವುದು ಇನ್ನೊಂದಿಲ್ಲ. ಪೇಟೆಯ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲದೆ ಹೋದದ್ದು ದೊಡ್ಡ ನಷ್ಟ.

ಉಳಿದವಕ್ಕೆ ಬಿಸಿಲೇ ಗತಿ. ಮಾತು ಅಂಗಳದ ಫರ್ಸಿಗೆ ಬಂತು. ತಾಂಡೂರಿನ ಗಣಿಗಳಿಂದ ಬಂದ ನೀಲಿಬಣ್ಣದ ಚಪ್ಪಡಿ ಈ ಮೂರೂ ಊರುಗಳ ಅಂಗಳದಲ್ಲಿದೆ. ಹಗಲೆಲ್ಲ ಕಾದ ಕಲ್ಲು ಹೊತ್ತು ಮುಳುಗಿದ ಮೇಲೂ ಬಿಸಿ ಬಿಡುವುದಿಲ್ಲ. ಹಾಗಾಗಿ ಮೇಲಿಂದ ಬಿಸಿಲು, ಕೆಳಗಿಂದ ಕಲ್ಲು ಎರಡೂ ಒಣಗಿಸುತ್ತವೆ.

“ಆದ್ರ ಟೊಮ್ಯಾಟೊ, ಲಿಂಬಿ ಕಲ್ಲಿನ ಮ್ಯಾಲ ಹಾಕಬ್ಯಾಡ್ರಿ ಅತ್ತಿ. ಈ ಕಲ್ಲು ಸುಣ್ಣದ ಕಲ್ಲು. ಹುಳಿ ಬಿದ್ರ ಕಲ್ಲೂ ಕರಗ್ತದ, ಹೋಳೂ ಸುಣ್ಣದ ರುಚಿ ಹಿಡೀತದ.”

“ಅದಕ್ಕ ನಾ ಧೋತರ ಹಾಸ್ತೀನಿ. ಸುಣ್ಣ ಅಂತ ಗೊತ್ತಿರಲಿಲ್ಲ, ಕಲೆ ಬೀಳ್ತದ ಅಂತ ಗೊತ್ತಿತ್ತು.”

ಚವಳಿಕಾಯಿಯನ್ನು ಆಕೆ ಎಳೆಯದಾಗಿರುವಾಗಲೇ ಕೊಯ್ಯುತ್ತಾಳೆ. ಉಪ್ಪು ಹಾಕಿದ ಕುದಿನೀರಲ್ಲಿ ಬಣ್ಣ ತಿರುಗುವಷ್ಟು ಹೊತ್ತು ಅದ್ದಿ ತೆಗೆದು, ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಿಸಿಲಿಗೆ ಹರಡುತ್ತಾಳೆ. ಸಂಜೆ ಮತ್ತೆ ಉಳಿದ ಮಜ್ಜಿಗೆಗೆ. ಮಜ್ಜಿಗೆ ಮುಗಿದ ಮೇಲೆ ಬರಿ ಬಿಸಿಲು. ಕುದಿನೀರಿಗೆ ಅದ್ದುವುದು ಯಾಕೆಂದರೆ, ಕೊಯ್ದ ಮೇಲೂ ಕಾಯಿಯೊಳಗಿನ ಕಿಣ್ವಗಳು ಕೆಲಸ ಬಿಡುವುದಿಲ್ಲ. ಬಣ್ಣ, ಪರಿಮಳ ಎರಡನ್ನೂ ತಿನ್ನುತ್ತ ಹೋಗುತ್ತವೆ. ಬಿಸಿ ಅವುಗಳ ಕೈ ಕಟ್ಟುತ್ತದೆ. ಮಜ್ಜಿಗೆಯ ಹುಳಿ ಮತ್ತು ಉಪ್ಪು ಬೂಷ್ಟನ್ನು ದೂರ ಇಡುತ್ತವೆ. ಹಾಗಲದ ಬಾಳಕಕ್ಕೂ ಮಜ್ಜಿಗೆ ಮೆಣಸಿನಕಾಯಿಗೂ ಇದೇ ದಾರಿ. ಬೂದುಗುಂಬಳವನ್ನು ತುರಿದು, ಹಿಂಡಿ, ಉದ್ದಿನ ಹಿಟ್ಟಿಗೆ ಕಲಸಿ ಸಂಡಿಗೆ ಇಟ್ಟರೆ ವರ್ಷ ನಡೆಯುತ್ತದೆ. ಟೊಮ್ಯಾಟೊದಲ್ಲಿ ನೂರಕ್ಕೆ ತೊಂಬತ್ನಾಲ್ಕರಷ್ಟು ನೀರೇ ಇರುವುದರಿಂದ ಒಂದು ಕಿಲೋ ಹೋಳು ಒಣಗಿ ಒಂದು ಹಿಡಿಯಷ್ಟು, 60–70 ಗ್ರಾಂ ಮಾತ್ರ ಉಳಿಯುತ್ತದೆ. ಸಾರಿಗೆ ನಾಲ್ಕು ಹೋಳು ಹಾಕಿದರೆ ಸಾಕು.

ಬಿಸಿಲು ಕೈಕೊಟ್ಟ ವರ್ಷಗಳ ನೆನಪು ಇಬ್ಬರಿಗೂ ಇದೆ. 2020ರ ಅಕ್ಟೋಬರ್ 13, 14ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣವನ್ನು ದಾಟಿ ಕಲಬುರಗಿಯತ್ತ ಬಂತು. ಹೈದರಾಬಾದ್ ಮುಳುಗಿತು, ಭೀಮೆ ದಡ ಮೀರಿದಳು. ಹಣ್ಣಾದ ಮೆಣಸಿನಕಾಯಿ ಒಣಗಿಸುವ ಹೊತ್ತಿಗೆ ಬಂದ ಮಳೆ ಅದು.

“ಆ ವರ್ಷ ಮೆಣಸಿನಕಾಯಿ ಒಳಗ ಕರ್ರಗ ಬೂಷ್ಟು. ಮ್ಯಾಲ ನೋಡಿದ್ರ ಕೆಂಪಗೇ ಇದ್ದು. ಮುರಿದು ನೋಡ್ದಾಗ ಗೊತ್ತಾತು. ಎಲ್ಲಾ ಸುಟ್ಟೆ.”

“ಛಲೋ ಮಾಡಿದ್ರಿ. ಬಿಸಲಿಗೆ ಇನ್ನೊಮ್ಮೆ ಹಾಕಿ ಕುಟ್ಟೋರು ಬಾಳ ಮಂದಿ ಇದಾರ. ಬೂಷ್ಟು ಸಾಯ್ತದ, ಅದರ ವಿಷ ಸಾಯಂಗಿಲ್ಲ.”

ಆ ವಿಷದ ಹೆಸರು ಅಫ್ಲಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸತ್ತಾಗ ಅದು ಬೆಳಕಿಗೆ ಬಂತು. ಯಕೃತ್ತನ್ನು ಹಾಳುಮಾಡುವ, ಕ್ಯಾನ್ಸರಿಗೆ ಕಾರಣವಾಗುವ ಈ ವಿಷ ಒಗ್ಗರಣೆಯ ಕಾವಿಗೆ ಪೂರ್ತಿ ಅಳಿಯುವುದಿಲ್ಲ. ತೇವ ಉಳಿದ ಶೇಂಗಾ, ಮೆಣಸಿನಕಾಯಿ, ಮೆಕ್ಕೆಜೋಳ ಅದರ ನೆಚ್ಚಿನ ಮನೆ. ಕಾಯಿ ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು, ತೊಟ್ಟು ಚಟ್ಟನೆ ಮುರಿಯಬೇಕು ಎನ್ನುವ ಹಿರಿಯಾಕೆಯ ಅಳತೆ, ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿದಿದೆ ಎನ್ನುವ ಕಿರಿಯಾಕೆಯ ಅಳತೆಗೆ ಬಹಳ ಹತ್ತಿರ. ಮೋಡ ಕವಿದರೆ ಏನು ಮಾಡಬೇಕು ಎಂಬುದಕ್ಕೂ ಹಿರಿಯಾಕೆಯಲ್ಲಿ ಉತ್ತರವಿತ್ತು: ಒಲೆಯ ಮೇಲಿನ ಅಟ್ಟ. ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಆ ಅಟ್ಟವೂ ಇಲ್ಲ, ಅದರ ಹೊಗೆಯೂ ಇಲ್ಲ. ಹೊಗೆ ಹೋದದ್ದು ಹೆಣ್ಣುಮಕ್ಕಳ ಎದೆಗೂಡಿಗೆ ಒಳ್ಳೆಯದೇ ಆಯಿತು. ಅಟ್ಟದ ಕೆಲಸಕ್ಕೆ ಮಾತ್ರ ಬೇರೆ ದಾರಿ ಬೇಕು. ಕಿರಿಯಾಕೆ ತಾಂಡೂರಿನ ಮಾಳಿಗೆಯ ಮೇಲೆ ಕರಿ ಬಣ್ಣ ಬಳಿದ ತಗಡಿನ ಪೆಟ್ಟಿಗೆಗೆ ಗಾಜು ಹೊದಿಸಿ, ಕೆಳಗೂ ಮೇಲೂ ಗಾಳಿಗೆ ಕಿಂಡಿ ಬಿಟ್ಟು ಒಣಗಿಸುತ್ತಾಳೆ. ದೂಳಿಲ್ಲ, ನೊಣವಿಲ್ಲ, ತುಂತುರು ಬಂದರೂ ಎತ್ತಿಡುವ ಗಡಿಬಿಡಿಯಿಲ್ಲ.

ಪುಂಡಿಯ ಮಾತು ಬಂದಾಗ ಹಿರಿಯಾಕೆಯ ದನಿಯೇ ಹಿಗ್ಗಿತು. ಕಲ್ಯಾಣ ಕರ್ನಾಟಕದ ಊಟಕ್ಕೆ ಪುಂಡಿಪಲ್ಯೆಗಿಂತ ಹತ್ತಿರದ್ದು ಯಾವುದು? ಜೂನ್‌ನಲ್ಲಿ ಬಿತ್ತಿದ ಪುಂಡಿ ಮಳೆಗಾಲವೆಲ್ಲ ಸೊಪ್ಪು ಕೊಡುತ್ತದೆ. ಹಗಲು ಕಿರಿದಾಗತೊಡಗಿದ ಮೇಲೆ ಎಲೆ ನಿಲ್ಲಿಸಿ ಹೂ ಕಟ್ಟುತ್ತದೆ. ಇರುಳಿನ ಉದ್ದ ನೋಡಿ ಹೂ ಬಿಡುವ ಗಿಡ ಅದು. ಆದ್ದರಿಂದ ತಡವಾಗಿ ಬಿತ್ತಿದ ಪುಂಡಿ ಗೇಣುದ್ದ ಇರುವಾಗಲೇ ಮೊಗ್ಗಾಗುತ್ತದೆ, ಎಷ್ಟು ಗೊಬ್ಬರ ಹಾಕಿದರೂ ಎಲೆ ಬಿಡುವುದಿಲ್ಲ. ಕೆಂಪು ದಂಟಿನ ಪುಂಡಿಯಲ್ಲಿ ಹೂ ಉದುರಿದ ಮೇಲೆ ಕಾಯಿಯ ಸುತ್ತ ದಪ್ಪನೆಯ ಹುಳಿ ದಳ ಉಳಿಯುತ್ತವೆ. ಅವನ್ನು ಬಿಡಿಸಿ ಒಣಗಿಸಿದರೆ ಹುಣಸೆ ಇಲ್ಲದ ದಿನಕ್ಕೆ ಹುಳಿ.

“ಎಲಿ ತೊಳೆದು ನೆರಳಾಗ ಹರವಿ, ಒಂದು ಹನಿ ನೀರೂ ಇರದಾಂಗ ಆರಿಸಬೇಕು. ಎಣ್ಣಿಯಾಗ ಹುರಿದು, ಹುರಿದ ಮೆಣಸಿನಕಾಯಿ, ಉಪ್ಪು, ಬಳ್ಳೊಳ್ಳಿ ಹಾಕಿ ರುಬ್ಬು. ಭರಣಿ ಬಿಸಲಾಗ ಕಾಸು. ಮ್ಯಾಲ ಎಣ್ಣಿ ನಿಂತಿರಬೇಕು. ಹಸಿ ಚಮಚ ಯಾರು ಹಾಕಿದ್ರೂ ನಾ ಬೈತೀನಿ.”

“ನಾ ಈ ಸಲ ಬೀನ್ಸು, ಹಸಿ ಬಟಾಣಿ ಬಾಟಲಿಯಾಗ ಉಪ್ಪುನೀರು ತುಂಬಿ ಕುದಿಸಿ ಇಡಬೇಕಂತ ಮಾಡಿದ್ದೆ. ಬ್ಯಾರೆ ದೇಶದಾಗ ಎಲ್ಲಾ ಹಾಂಗೇ ಮಾಡ್ತಾರ. ಓದಿದ್ದು ನೆನಪಾಗಿ ಬಿಟ್ಟೆ.”

ಬಿಟ್ಟದ್ದು ಒಳ್ಳೆಯದಾಯಿತು. ಬಾಟಲಿಯಲ್ಲಿ ಮುಚ್ಚಿ ಕುದಿಸಿ ಕಾಪಿಡುವ ವಿದ್ಯೆ ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್‌ನದು. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದು ಯಾಕೆ ಕೆಲಸ ಮಾಡುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಸೂಕ್ಷ್ಮಾಣುಗಳ ಕಥೆ ಬಿಡಿಸಿದ್ದು ಅರ್ಧ ಶತಮಾನದ ಮೇಲೆ. ಹುಳಿ ಹೆಚ್ಚಿರುವ ಹಣ್ಣು, ಲಿಂಬೆಗೆ ಕುದಿನೀರು ಸಾಕು, ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಬಾಟುಲಿಸಮ್ ತರುವ ಬ್ಯಾಕ್ಟೀರಿಯಾ ಬೆಳೆಯಲಾರದು. ಬೀನ್ಸು, ಬಟಾಣಿ, ಮೆಕ್ಕೆಜೋಳದಲ್ಲಿ ಆ ಹುಳಿಯಿಲ್ಲ. ಮಣ್ಣಿನಿಂದ ಬಂದ ಬೀಜಾಣು 100 ಡಿಗ್ರಿಯ ಕುದಿತವನ್ನು ತಾಳಿಕೊಂಡು, ಗಾಳಿಯಿಲ್ಲದ ಬಾಟಲಿಯಲ್ಲಿ ಎದ್ದು, ಬಣ್ಣವನ್ನಾಗಲಿ ವಾಸನೆಯನ್ನಾಗಲಿ ಕೆಡಿಸದೆಯೂ ಕೊಲ್ಲುವ ವಿಷ ಮಾಡಬಲ್ಲದು. ಅದಕ್ಕೆ 121 ಡಿಗ್ರಿಯ ಒತ್ತಡದ ಹಬೆಯೇ ಬೇಕು. ಈ ಕಡೆಯ ಮನೆಗಳು ತರಕಾರಿಗೆ ಬಿಸಿಲು, ಉಪ್ಪು, ಹುಳಿ, ಎಣ್ಣೆಯನ್ನೇ ನೆಚ್ಚಿದ್ದು ಆ ಅಪಾಯವನ್ನು ದೂರ ಇಟ್ಟಿತು. ಎಣ್ಣೆಯೊಂದೇ ಸಾಲದು ಎಂಬುದನ್ನೂ ಕಿರಿಯಾಕೆ ಒತ್ತಿ ಹೇಳಿದಳು: ಹಸಿ ಬಳ್ಳೊಳ್ಳಿಯನ್ನು ಬರಿ ಎಣ್ಣೆಯಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಟ್ಟರೆ ಅದೇ ಅಪಾಯ. ಪುಂಡಿಯ ಭರಣಿಯನ್ನು ಕಾಯುವುದು ಅದರ ಹುಳಿ ಮತ್ತು ಉಪ್ಪು. ಎಣ್ಣೆ ಬೂಷ್ಟಿಗೆ ಗಾಳಿ ಸಿಗದಂತೆ ಮೇಲೆ ನಿಲ್ಲುತ್ತದೆ ಅಷ್ಟೆ.

ಕೆಲವನ್ನು ಹಸಿಯಾಗಿಯೇ ನಾಲ್ಕು ದಿನ ಹೆಚ್ಚಿಗೆ ಉಳಿಸಬೇಕಾಗುತ್ತದೆ. ಫ್ರಿಜ್ಜು ಚಿಕ್ಕದು, ಕರೆಂಟು ನೆಚ್ಚುವಂಥದ್ದಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಇಟ್ಟಿಗೆಯ ತಂಪುಗೂಡನ್ನು ಕಿರಿಯಾಕೆ ತಾಂಡೂರಿನ ಹಿತ್ತಲಲ್ಲಿ ಕಟ್ಟಿಸಿದ್ದಾಳೆ. ಎರಡು ಇಟ್ಟಿಗೆ ಗೋಡೆ, ನಡುವೆ ನಾಲ್ಕು ಬೆರಳು ಮರಳು, ಮೇಲೆ ಹುಲ್ಲಿನ ಮುಚ್ಚಳ. ಮರಳನ್ನು ದಿನಕ್ಕೆರಡು ಸಲ ತೋಯಿಸಿದರೆ ಆವಿಯಾಗುವ ನೀರು ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಮಳೆಗಾಲದ ಹಸಿ ಗಾಳಿಯಲ್ಲಿ ಅದು ನಿಷ್ಪ್ರಯೋಜಕ. ದಸರೆ ಕಳೆದ ಮೇಲಿನ ಒಣಗಾಳಿಯಲ್ಲಿ ಬದನೆ, ಬೆಂಡೆ, ಸೊಪ್ಪು ಬಾಡದೆ ನಿಲ್ಲುತ್ತವೆ.

“ನಮ್ಮವ್ವ ನಾರಾಯಣಖೇಡದಾಗ ನೀರಿನ ಗಡಗಿ ಸುತ್ತ ಮರಳು ಹಾಕಿ, ಆ ಮರಳಿನ ಮ್ಯಾಲ ಬಾಳಿ ಎಲಿ ಹಾಸಿ ಮೆಂತೆ ಪಲ್ಯೆ ಇಡ್ತಿದ್ದಳು,” ಎಂದಳು ಹಿರಿಯಾಕೆ. “ಅದರದ್ದೇ ತಂಗಿ ಇದು.”

ತವರಿನ ಎರೆ ನೆಲದ ಬಗೆಗೆ ಆಕೆಗೆ ಹೇಳಲು ಬಹಳವಿತ್ತು. ಅಲ್ಲಿ ಮಳೆ ನಿಂತ ಮೇಲೂ ನೆಲದೊಳಗೆ ಹಸಿ ಇರುತ್ತದೆ. ಹಿಂಗಾರಿ ಜೋಳ, ಕಡಲೆ, ಅಗಸೆ, ಕುಸುಬೆ ಆ ಹಸಿ, ಇಬ್ಬನಿಯ ಮೇಲೆಯೇ ಬರುತ್ತವೆ. ಹಿತ್ತಲಿನಲ್ಲಿ ಅವರೆ ಎಳ್ಳಮಾಸಿವರೆಗೂ ಹೂ ಬಿಡುತ್ತಿರುತ್ತದೆ. ಕೆಂಪು ನೆಲ ಹಾಗಲ್ಲ, ಬೇಗ ಆರುತ್ತದೆ, ಬೇಗ ಕೊಯ್ಲಿಗೆ ಕರೆಯುತ್ತದೆ; ಆದರೆ ಅಲ್ಲಕ್ಕೆ, ಅರಿಶಿಣಕ್ಕೆ ಅದೇ ಹಿತ. ಜಹೀರಾಬಾದಿನ ಅಲ್ಲಕ್ಕೆ ಹೈದರಾಬಾದ್ ಪೇಟೆಯಲ್ಲಿ ಹೆಸರಿದೆ.

ಬೀಜ ಇಡುವ ಕೆಲಸಕ್ಕೆ ಬಂದಾಗ ಹಿರಿಯಾಕೆ ಒಳಕೋಣೆಯಿಂದ ಬಿದಿರಿನ ಬುಟ್ಟಿ ತಂದಳು. ಹೊರಗೆ ಸಗಣಿ, ಕೆಮ್ಮಣ್ಣಿನ ಲೇಪ. ಒಳಗೆ ಬೂದಿ, ಒಣಗಿದ ಬೇವಿನೆಲೆ, ಅದರ ನಡುವೆ ಬೀಜ. ಮೇಲೆ ಮತ್ತೆ ಬೂದಿ, ಮಣ್ಣಿನ ಮುಚ್ಚಳ. ಬೂದಿಯ ಕೆಲಸ ಮಂತ್ರವಲ್ಲ. ನುಣ್ಣನೆಯ ಬೂದಿ ಕಾಳುಗಳ ಸಂದು ಮುಚ್ಚಿ ನುಸಿಗೆ ಓಡಾಡಲು ಜಾಗ ಕೊಡುವುದಿಲ್ಲ. ನುಸಿಯ ಮೈಮೇಲಿನ ಮೇಣದ ಪೊರೆಯನ್ನು ಕೆರೆದು ಒಣಗಿಸಿ ಕೊಲ್ಲುತ್ತದೆ. ಅಲಸಂದಿ, ತೊಗರಿ, ಅವರೆಗಳಲ್ಲಿ ಹುಳದ ಮೊಟ್ಟೆ ಹೊಲದಲ್ಲೇ ಕಾಯಿಯ ಮೇಲೆ ಬಿದ್ದಿರುತ್ತದೆ, ಆದ್ದರಿಂದ ಡಬ್ಬಿ ಎಷ್ಟು ಬಿಗಿಯಾಗಿದ್ದರೂ ಒಳಗಿನಿಂದಲೇ ಹುಳ ಏಳುತ್ತದೆ. ಕಾಳಿಗೆ ಔಡಲೆಣ್ಣೆ ಸವರಿದರೆ ಆ ಮೊಟ್ಟೆಗೆ ಉಸಿರು ಕಟ್ಟುತ್ತದೆ. 2022ರ ಡಿಸೆಂಬರ್‌ನಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರು ತೊಗರಿಯ ಸೀಮೆಯಲ್ಲಿ ಇದು ಪ್ರತಿ ಮನೆಗೂ ಬೇಕಾದ ತಿಳಿವಳಿಕೆ.

ಹೀರೆಯ ಬೀಜಕ್ಕೆ ಬುಟ್ಟಿಯೇ ಬೇಡ. ಬಳ್ಳಿಯಲ್ಲೇ ಒಣಗಿದ ಕಾಯಿಯನ್ನು ಹಾಗೇ ತೊಲೆಗೆ ಕಟ್ಟಿದರೆ ಆಯಿತು. ಸವತೆಯ ಬೀಜವನ್ನು ಸಗಣಿಯ ಕುಳ್ಳಿನಲ್ಲಿ ಒತ್ತಿ ಗೋಡೆಗೆ ಬಡಿಯುತ್ತಾರೆ. ಟೊಮ್ಯಾಟೊದ ಬೀಜವನ್ನು ಅದರ ರಸದಲ್ಲೇ ಎರಡು ದಿನ ಹುಳಿಯಲು ಬಿಟ್ಟರೆ ಸುತ್ತಲಿನ ಲೋಳೆ ಕಳಚುತ್ತದೆ, ತೊಳೆದು ನೆರಳಲ್ಲಿ ಒಣಗಿಸಬೇಕು.

“ಬೂದಿ, ಬೇವು ಎಲ್ಲಾ ಸರಿ ಅತ್ತಿ. ಬೀಜ ಎಷ್ಟು ಒಣಗೇದ ಅನ್ನೋದರ ಮ್ಯಾಲೇ ಅದರ ಆಯುಷ್ಯ,” ಎಂದು ಕಿರಿಯಾಕೆ ಹ್ಯಾರಿಂಗ್ಟನ್ ಎಂಬ ಬೀಜ ವಿಜ್ಞಾನಿಯ ಲೆಕ್ಕ ಹೇಳಿದಳು. ಬೀಜದ ತೇವ ನೂರಕ್ಕೆ ಒಂದರಷ್ಟು ಇಳಿದರೆ ಅದರ ಬಾಳು ಇಮ್ಮಡಿ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ಇಮ್ಮಡಿ. ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಹೈದರಾಬಾದ್ ಕಡೆ ಹೋದರೆ ಸಿಗುವ ಪಟಾಂಚೆರುವಿನ ಇಕ್ರಿಸ್ಯಾಟ್, 1972ರಲ್ಲಿ ಶುರುವಾದ ಸಂಸ್ಥೆ, ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ತಳಿಗಳನ್ನು ಮೈನಸ್ 20 ಡಿಗ್ರಿಯಲ್ಲಿ ಕಾಪಿಡುವುದು ಇದೇ ನಿಯಮದ ಮೇಲೆ. ನಾರ್ವೆಯ ಸ್ವಾಲ್ಬಾರ್ಡ್ ಹಿಮದ ಗವಿಯಲ್ಲಿಯೂ ಅದರ ಬೀಜಗಳ ಪ್ರತಿಯಿದೆ.

“ಹಿಮದಾಗ ಇಟ್ಟ ಬೀಜ ಹೊಲ ನೋಡೋದು ಯಾವಾಗ?” ಎಂದು ಹಿರಿಯಾಕೆ ಕೇಳಿದಳು. ಆ ಪ್ರಶ್ನೆಗೆ ತೂಕವಿದೆ. ವರ್ಷವರ್ಷ ಮಣ್ಣಿಗೆ ಬಿದ್ದ ಬೀಜ ಬದಲಾದ ಮಳೆಗೆ, ಹೊಸ ರೋಗಕ್ಕೆ ಒಗ್ಗಿಕೊಳ್ಳುತ್ತ ಬರುತ್ತದೆ. ಗವಿಯ ಬೀಜ ಒಳಗೆ ಹೋದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಎರಡೂ ಬೇಕು. ಮೊದಲನೆಯದನ್ನು ಈ ಸೀಮೆಯಲ್ಲಿ ನಾಲ್ಕು ದಶಕಗಳಿಂದ ಎತ್ತಿಹಿಡಿದವರು ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘದವರು, ಹೆಚ್ಚಿನವರು ದಲಿತ ಕುಟುಂಬಗಳ ಸಣ್ಣ ರೈತ ಮಹಿಳೆಯರು. 1983ರಲ್ಲಿ ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು. ದೂರದರ್ಶನದ ಕೆಲಸ ಬಿಟ್ಟು ಈ ಹಳ್ಳಿಗಳಿಗೆ ಬಂದು, 2023ರ ಮಾರ್ಚ್ 19ರಂದು ತೀರಿಕೊಳ್ಳುವವರೆಗೂ ಇಲ್ಲಿಯವರಾಗಿಯೇ ಉಳಿದರು. ಸಂಘದ ಮಹಿಳೆಯರು ಪ್ರತಿವರ್ಷ ಸಂಕ್ರಾಂತಿಗೆ ಬೀಜ ತುಂಬಿದ ಎತ್ತಿನ ಬಂಡಿಗಳಲ್ಲಿ ಹಳೆಬೆಳೆಗಳ ಜಾತ್ರೆ ಹೊರಡಿಸುತ್ತಾರೆ. ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಶುರುವಾದ ಸಂಘಂ ರೇಡಿಯೋವನ್ನು ನಡೆಸುವವರೂ ಅವರೇ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂತು. ಅವರಲ್ಲಿ ಬೀಜವನ್ನು ಹಣಕ್ಕೆ ಕೊಡುವುದಿಲ್ಲ. ಪಡೆದವರು ಬೆಳೆದು, ಪಡೆದದ್ದಕ್ಕಿಂತ ಹೆಚ್ಚಿಗೆ ತಿರುಗಿಸುತ್ತಾರೆ.

ಕಿರಿಯಾಕೆಗೆ ಬೇರೊಂದು ಯೋಚನೆಯಿತ್ತು. ಹೈದರಾಬಾದಿನ ಗೆಳತಿಯರು ಅತ್ತೆಯ ಚವಳಿ ಸಂಡಿಗೆ, ಪುಂಡಿ ಭರಣಿಗೆ ದುಡ್ಡು ಕೊಡಲು ಸಿದ್ಧರಿದ್ದರು.

“ಓಣಿಯ ಐದಾರು ಮಂದಿ ಕೂಡಿ ಮಾಡಿದ್ರ ಛಲೋ ದುಡ್ಡು ಬರ್ತದ ಅತ್ತಿ. ಆಹಾರ ಸುರಕ್ಷತೆಯ ನೋಂದಣಿ ನಾ ಮಾಡಿಸ್ತೀನಿ. ನಿಮ್ಮ ಕೆಲಸಕ್ಕ ಬೆಲೆ ಕಟ್ಟೋದು ತಪ್ಪಾ?”

“ತಪ್ಪಲ್ಲವ್ವ. ಇಷ್ಟು ವರ್ಷ ಯಾರೂ ಕಟ್ಟಿಲ್ಲ, ನೀ ಕಟ್ಟಾಕ ಹೊಂಟಿ. ಅಂಜಿಕಿ ಬ್ಯಾರೆ ಅದ. ಕಿಲೋಕ್ಕ ಇಷ್ಟು ಅಂತ ರೊಕ್ಕ ಕಂಡ ಕೂಡ್ಲೆ ಎಳೀ ಕಾಯಿ ಒಂದೂ ಉಳಿಯಂಗಿಲ್ಲ. ಪಕ್ಕದಾಕಿ ಎರಡು ವರ್ಷ ಹಾಂಗೇ ಮಾಡಿದ್ಲು. ಮೂರನೇ ವರ್ಷ ನನ್ನ ಕಡೆ ಬೀಜ ಕೇಳಾಕ ಬಂದ್ಲು.”

ಕಿರಿಯಾಕೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಒಂದು ಚವಳಿ ಗಿಡ ಬೀಜಕ್ಕೆ ಬಿಟ್ಟರೆ ಎಷ್ಟು ಕಾಳು, ಎಷ್ಟು ಸಾಲಿಗೆ ಎಷ್ಟು ಬೇಕು, ಮೊಳೆಯದೆ ಹೋಗುವ ಪಾಲೆಷ್ಟು. ಒಂದೇ ಗಿಡದ ಬೀಜ ಹಿಡಿದರೆ ತಳಿ ಇಕ್ಕಟ್ಟಾಗುತ್ತದೆ. ಬಹಳ ಗಿಡಗಳಿಂದ ಒಂದೊಂದು ಹಿಡಿ ಕೂಡಿಸಬೇಕು. ಅದರಲ್ಲಿಯೂ ಕುಂಬಳ, ಸೋರೆಗಳಿಗೆ ಒಂದು ಮನೆಯ ಎರಡು ಬಳ್ಳಿ ಸಾಲುವುದಿಲ್ಲ, ಓಣಿಯ ಬೀಜವೇ ಒಂದಾಗಬೇಕು.

“ಹಾಂಗಾದ್ರ ಕೂಡಿ ಮಾಡೋ ಮಂದಿಗೆ ಮೊದಲ ಕರಾರು ಇದು: ಕಟ್ಟಿದ ಸಾಲು ಮುಟ್ಟಂಗಿಲ್ಲ. ಬೀಜದ ಬುಟ್ಟಿ ತುಂಬಿದ ಮ್ಯಾಲೇ ಸಂಡಿಗಿ ತೂಗೋದು.”

“ಎಷ್ಟು ಸಾಲು?”

“ಹತ್ತಕ್ಕ ಒಂದು?”

“ಎರಡು,” ಎಂದಳು ಹಿರಿಯಾಕೆ. “ಒಂದು ಹುಳಕ್ಕ ಹೋಗ್ತದ. ಅಲ್ಲಾನೂ ಕರಾರಿಗೆ ಸೇರಿಸು. ಎಲಿ ಹಳದಿ ಆಗಿ ಬೀಳೋತನ ಅಗಿಯಂಗಿಲ್ಲ, ಬೀಜದ ಗಡ್ಡಿ ಮೊದಲು ಆರಿಸಿ ನೆರಳಿನ ಕುಣಿಯಾಗ ಮರಳು, ಬೇವಿನ ಸೊಪ್ಪು ಹಾಕಿ ಇಡಬೇಕು. ಉಳಿದದ್ದು ಶುಂಠಿ ಮಾಡಿ ಮಾರು, ನಾ ಬ್ಯಾಡ ಅನ್ನಂಗಿಲ್ಲ. ಈಗ ಬುಟ್ಟಿ ತೊಗೊ, ಆ ಕಡೀ ಮೂರು ಸಾಲು ಕೊಯ್ಯಿ. ಕೆಂಪು ಅಂಚು ನೋಡ್ಕೊಂಡು.”